ಮೊದಲ ಹತ್ತು ನಿಮಿಷ

ನಮ್ಮ ಮೇಲೂರು ಶಿಡ್ಲಘಟ್ಟ ತಾಲ್ಲೂಕಿನ ಊರು. ರೇಷ್ಮೆ ಸಾಕುವುದು ಈ ಸೀಮೆಯ ಕಸುಬು. ಹುಳುವಿನ ಕೆಲಸ ಹೆಂಗಸರಾದ ನಮಗೆ ಚೆನ್ನಾಗಿ ಗೊತ್ತು.

ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ತಿನ್ನೋದಿಲ್ಲ. ಹಳೆಯ ಚರ್ಮ ಕಳಚಿ ಏಳುತ್ತದೆ. ಒಂದೆರಡು ಎದ್ದ ಕೂಡಲೇ ನಾವು ಸೊಪ್ಪು ಹಾಕುತ್ತೇವಾ? ಇಲ್ಲ. ಹೆಚ್ಚುಕಡಿಮೆ ಎಲ್ಲವೂ ಏಳಲಿ ಅಂತ ಕಾಯುತ್ತೇವೆ. ಆಮೇಲೆ ಒಟ್ಟಿಗೆ ಕೊಡುತ್ತೇವೆ. ಇಲ್ಲದಿದ್ದರೆ ಒಂದು ದಪ್ಪ, ಒಂದು ಸಣ್ಣ. ಹಣ್ಣಾಗುವಾಗಲೂ ಹಿಂದುಮುಂದು.

ಶಾಲೆಯೂ ಹಾಗೇ. ಮಕ್ಕಳು ಒಟ್ಟಿಗೆ ಶುರು ಮಾಡಬೇಕು.

ಗಂಟೆ ಹೊಡೆಯುತ್ತದೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಪ್ರಾರ್ಥನೆ, ನಾಡಗೀತೆ ಆಗುತ್ತದೆ. ಒಳಗೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತಾರೆ. ಹಾಜರಿ ಕೂಗುತ್ತಾರೆ. ಪುಸ್ತಕ, ಬಳಪ ಹೊರಗೆ ಬರುತ್ತವೆ. ಟೀಚರು ನಿನ್ನೆಯ ಪಾಠದಿಂದ ಎರಡು ಪ್ರಶ್ನೆ ಕೇಳುತ್ತಾರೆ. ಆಮೇಲೆ ಇವತ್ತಿನ ಪಾಠ.

ದಿನಾ ಹೀಗೇ ನಡೆದರೆ ಮಕ್ಕಳಿಗೆ ರೂಢಿಯಾಗುತ್ತದೆ. ಗದರಿಸುವ ಕೆಲಸ ಇರೋದಿಲ್ಲ. ನಿನ್ನೆಯ ಪಾಠಕ್ಕೂ ಇವತ್ತಿನ ಪಾಠಕ್ಕೂ ಗಂಟು ಬೀಳೋದು ಈ ಮೊದಲ ಹತ್ತು ನಿಮಿಷದಲ್ಲೇ.

ಆದರೆ ನಾವು ಏನು ಮಾಡುತ್ತೇವೆ? ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಸೊಪ್ಪು ಬಹಳ ಬೇಕು. "ಒಂದು ಹೊರೆ ಸೊಪ್ಪು ತಂದುಹಾಕಿ ಹೋಗಮ್ಮ" ಅಂತ ಮಗಳಿಗೆ ಹೇಳುತ್ತೇವೆ. ಮಗನಿಗೆ ಹೇಳೋದಿಲ್ಲ. ಅವಳು ಓಡಿ ಹೋಗುವಷ್ಟರಲ್ಲಿ ಲೆಕ್ಕ ಅರ್ಧ ಮುಗಿದಿರುತ್ತದೆ. ಎಲ್ಲರೂ ತಿರುಗಿ ನೋಡುತ್ತಾರೆ. ಅರ್ಥವಾಗದ್ದನ್ನು ಕೇಳಲು ಅವಳಿಗೆ ನಾಚಿಕೆ. ನಾಳೆಯೂ ಹೀಗೇ. ಒಂದು ದಿನ "ನಾನು ಸ್ಕೂಲಿಗೆ ಹೋಗಲ್ಲಮ್ಮ" ಅನ್ನುತ್ತಾಳೆ. "ಅವಳಿಗೆ ವಿದ್ಯೆ ಹತ್ತಲಿಲ್ಲ" ಅಂತ ನಾವು ಸುಮ್ಮನಾಗುತ್ತೇವೆ.

ನಮ್ಮಲ್ಲಿ ಎಷ್ಟು ಜನ ಹೀಗೇ ಶಾಲೆ ಬಿಟ್ಟೆವು? ಅದಕ್ಕೇ ಈಗ ಅಕ್ಷರ ಕಲಿಯುತ್ತಿದ್ದೇವೆ.

ನಾವು ಮಾಡಬಹುದಾದ್ದು:

ಸಂಜೆಯೇ ಸೊಪ್ಪು ಕೊಯ್ದು, ಒದ್ದೆ ಗೋಣಿ ಹೊದಿಸಿ ಇಡೋಣ.
ಬೆಳಗಿನ ಕೆಲಸವನ್ನು ಮಗ, ಮಗಳು, ಗಂಡ ಎಲ್ಲರಿಗೂ ಹಂಚೋಣ.
ರಾತ್ರಿಯೇ ಮಕ್ಕಳ ಚೀಲ ಜೋಡಿಸಿಡಿಸೋಣ.
"ಇವತ್ತು ಮೊದಲು ಏನು ಕೇಳಿದ್ರು?" ಅಂತ ಸಂಜೆ ವಿಚಾರಿಸೋಣ.
ಶಾಲೆಯ ಸಮಿತಿ ಸಭೆಗೆ ಹೋಗೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಅರ್ಧದಷ್ಟು ಮಂದಿ ಹೆಂಗಸರೇ ಇರಬೇಕು. ಅಲ್ಲಿ ಕೂತು ಮಾತಾಡುವುದು ನಮ್ಮ ಹಕ್ಕು.

ಹುಳುವಿಗಾಗಿ ಹೊತ್ತು ಕಾಯುವ ನಾವು ಮಗಳಿಗಾಗಿ ಕಾಯಬಾರದೇ?

ಓದಿ, ಮಾತಾಡಿ, ಬರೆಯಿರಿ

1. ಹುಳು ಎಷ್ಟು ಸಲ ಜ್ವರಕ್ಕೆ ಕೂರುತ್ತದೆ?
2. ತಡವಾಗಿ ಹೋದ ಮಗುವಿಗೆ ಏನು ತಪ್ಪಿಹೋಗುತ್ತದೆ?
3. ನಿಮ್ಮ ಮನೆಯಲ್ಲಿ ಬೆಳಗಿನ ಯಾವ ಕೆಲಸವನ್ನು ಸಂಜೆಗೇ ಮುಗಿಸಬಹುದು? ಎರಡು ವಾಕ್ಯ ಬರೆಯಿರಿ.