ಗೆರೆಯ ಕೆಳಗಿನ ಲೆಕ್ಕ

ನಾನು ಕಾಮರ್ಸ್, ಆಪಾ ಸೈನ್ಸ್. ಈ ಸಲ ಎರಡನೇ ಬಾರಿ ಸಿಇಟಿ ಬರೆಯುತ್ತಿದ್ದಾಳೆ. ಒತ್ತಡ–ಗಾತ್ರದ ಗ್ರಾಫ್ ಬಂದರೆ ಸಾಕು, ಉತ್ತರದ ಚಿಹ್ನೆ ತಪ್ಪುತ್ತಾಳೆ. ಪುಸ್ತಕ ಹಿಡಿದು ಪ್ರಶ್ನೆ ಕೇಳಲು ಕುಳಿತ ನನಗೆ ಆ ಗ್ರಾಫ್ ಪರಿಚಿತವೆನಿಸಿತು. ಅರ್ಥಶಾಸ್ತ್ರದಲ್ಲಿ ಬೇಡಿಕೆ ರೇಖೆಯ ಕೆಳಗೂ ನಾವು ವಿಸ್ತೀರ್ಣವನ್ನೇ ನೋಡುತ್ತೇವಲ್ಲ!

ಒಂದು ಲೆಕ್ಕ ನೋಡಿ. ಸಿಲಿಂಡರಿನ ಅನಿಲವನ್ನು 3 ಲೀಟರಿನಿಂದ 1 ಲೀಟರಿಗೆ ಒತ್ತುತ್ತೇವೆ. ಒತ್ತಡ 100ರಿಂದ 300 ಕಿಲೋಪಾಸ್ಕಲ್‌ಗೆ ನೇರ ಗೆರೆಯಲ್ಲಿ ಏರುತ್ತದೆ. ಗೆರೆಯ ಕೆಳಗಿರುವುದು ತ್ರಾಪಿಜ್ಯ. ಸರಾಸರಿ ಒತ್ತಡ 200, ಗಾತ್ರದ ಬದಲಾವಣೆ 2, ಗುಣಿಸಿದರೆ 400. ಕಿಲೋಪಾಸ್ಕಲನ್ನು ಲೀಟರಿನಿಂದ ಗುಣಿಸಿದರೆ ನೇರವಾಗಿ ಜೂಲ್ ಬರುತ್ತದೆ, ಸೊನ್ನೆಗಳ ತಂಟೆಯಿಲ್ಲ.

ಇನ್ನು ಚಿಹ್ನೆ. ಬಾಣ ಎಡಕ್ಕೆ ಹೋದರೆ ಗಾತ್ರ ಕುಗ್ಗಿದೆ. ನಮ್ಮ ಭಾಷೆಯಲ್ಲಿ ಅನಿಲದ ಖಾತೆಗೆ ಜಮಾ: ಅನಿಲದ ಮೇಲೆ ನಡೆದ ಕೆಲಸ +400 ಜೂಲ್. ಪ್ರಶ್ನೆಯಲ್ಲಿ ‘ಅನಿಲವು ಮಾಡಿದ ಕೆಲಸ’ ಎಂದಿದ್ದರೆ –400. ಆಪಾ ಎಡವುತ್ತಿದ್ದುದು ಇಲ್ಲೇ. ಲೆಕ್ಕ ಸರಿ, ಪ್ರಶ್ನೆ ಓದಿದ್ದು ಅರ್ಧ.

ಹೊರಟ ಬಿಂದು, ತಲುಪಿದ ಬಿಂದು ಅವೇ ಇದ್ದರೂ ದಾರಿ ಬೇರೆಯಾದರೆ ಕೆಲಸವೂ ಬೇರೆ. ಇದೇ ಆದರ್ಶ ಅನಿಲವನ್ನು ತಾಪ ಬದಲಾಗದಂತೆ ನಿಧಾನವಾಗಿ ಒತ್ತಿದರೆ ಗೆರೆ ಕೆಳಕ್ಕೆ ಬಾಗುತ್ತದೆ. ಸುಮಾರು 330 ಜೂಲ್ ಸಾಕು.

ನಿನ್ನೆ ಐದು ಪ್ರಶ್ನೆ ಕೊಟ್ಟೆ. ನಾಲ್ಕು ಸರಿ ಮಾಡಿದಳು.