ನೂತನ ಡೀಸೆಲ್ ವಾಹನಗಳಿಗೆ ತಕ್ಕ ಎಂಜಿನ್ ಎಣ್ಣೆಯ ಆಯ್ಕೆ

ಬಂಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಹಾಕದೆ ಸಂತೆಗೆ ಹೊರಡುವ ಒಕ್ಕಲಿಗನು ನಮ್ಮ ಸೀಮೆಯಲ್ಲಿ ವಿರಳ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಲ್ಲಿ ಈಗ ಬಂಡಿಯ ಸ್ಥಾನವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರ, ಸರಕು ಸಾಗಿಸುವ ಪಿಕಪ್ ವಾಹನಗಳು ಹಿಡಿದಿವೆ. ಆದರೆ ಕೀಲೆಣ್ಣೆಯ ವಿಷಯದಲ್ಲಿದ್ದ ಎಚ್ಚರವು ಎಂಜಿನ್ ಎಣ್ಣೆಯ ವಿಷಯದಲ್ಲಿ ಅನೇಕ ಕಡೆ ಕಂಡುಬರುವುದಿಲ್ಲ. ಎಣ್ಣೆಯೆಲ್ಲ ಒಂದೇ ಎಂಬ ಭಾವನೆಯಿಂದ ಒಂದೇ ಪೀಪಾಯಿಯ ಎಣ್ಣೆಯನ್ನು ಹಳೆಯ ಟ್ರ್ಯಾಕ್ಟರಿಗೂ ಹೊಸ ವಾಹನಕ್ಕೂ ಹಾಕುವುದುಂಟು. ಇದರಿಂದ ಒದಗುವ ನಷ್ಟವನ್ನೂ ತಕ್ಕ ಎಣ್ಣೆಯನ್ನು ಆರಿಸುವ ಕ್ರಮವನ್ನೂ ಗ್ರಾಮದ ಮುಖಂಡರ ಹಾಗೂ ಭೂಮಾಲಿಕರ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶವು.

ಒಂದು ನಿದರ್ಶನ.— ಕುಷ್ಟಗಿ ತಾಲ್ಲೂಕಿನ ದಾಳಿಂಬೆ ತೋಟದ ಮಾಲಿಕರೊಬ್ಬರು ಹೊಸ ಪಿಕಪ್ ವಾಹನವನ್ನು ಕೊಂಡಿದ್ದರು. ಮನೆಯಲ್ಲಿ ಹಳೆಯ ಟ್ರ್ಯಾಕ್ಟರಿಗೆಂದು ತಂದ ಎಣ್ಣೆಯಿತ್ತು. ಚಾಲಕನು ಎರಡು ವರ್ಷ ಅದನ್ನೇ ಹೊಸ ವಾಹನಕ್ಕೂ ಹಾಕುತ್ತ ಬಂದನು. ವಾಹನವು ಹೆಚ್ಚಾಗಿ ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಮಾತ್ರ ಓಡಾಡುತ್ತಿತ್ತು. ಎದುರಿನ ಫಲಕದಲ್ಲಿ ಎಚ್ಚರಿಕೆಯ ದೀಪವು ಹಲವು ಸಲ ಹೊತ್ತಿಕೊಂಡರೂ ಯಾರೂ ಲಕ್ಷ್ಯ ಕೊಡಲಿಲ್ಲ. ಕಡೆಗೆ ಹಣ್ಣು ಕೀಳುವ ವಾರದಲ್ಲಿಯೇ ವಾಹನದ ಬಲವು ಕುಗ್ಗಿ ಅದು ದಾರಿಯಲ್ಲಿ ನಿಂತಿತು. ಹೊಗೆಯ ಶೋಧಕವು ಕಟ್ಟಿಹೋಗಿತ್ತು. ದುರಸ್ತಿಯ ಖರ್ಚು ಒಂದು ಕಡೆ. ಕಿತ್ತ ಹಣ್ಣು ನೆರಳಿನಲ್ಲಿ ಬಿದ್ದು ದರವನ್ನು ಕಳೆದುಕೊಂಡದ್ದು ಮತ್ತೊಂದು ಕಡೆ. ಎಣ್ಣೆಯಲ್ಲಿ ಉಳಿಸಿದ ಹಣಕ್ಕೂ ಈ ನಷ್ಟಕ್ಕೂ ಹೋಲಿಕೆಯೇ ಇರಲಿಲ್ಲ.

ಎಣ್ಣೆಯ ಕಾರ್ಯಗಳು.— ಎಂಜಿನ್ ಎಣ್ಣೆಯು ಕೇವಲ ಸವೆತವನ್ನು ತಡೆಯುವ ವಸ್ತುವಲ್ಲ. ಅದು ಬಿಸಿಯಾದ ಭಾಗಗಳನ್ನು ತಂಪುಗೊಳಿಸುತ್ತದೆ, ಡೀಸೆಲು ಉರಿದು ಹುಟ್ಟುವ ಮಸಿಯನ್ನು ಗಡ್ಡೆಗಟ್ಟಗೊಡದೆ ತನ್ನಲ್ಲಿ ತೇಲಿಸಿಕೊಳ್ಳುತ್ತದೆ, ಆಮ್ಲಗಳನ್ನು ನಿರ್ವೀರ್ಯಗೊಳಿಸುತ್ತದೆ, ಪಿಸ್ಟನ್ನಿನ ಬಳೆಗಳ ಸಂದನ್ನು ಮುಚ್ಚುತ್ತದೆ. ಹೊಸ ಎಣ್ಣೆಯು ಕೆಲವೇ ದಿನಗಳಲ್ಲಿ ಕಪ್ಪಾಯಿತೆಂದು ಅನೇಕರು ಅಂಗಡಿಯವನನ್ನು ದೂರುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಕಪ್ಪಾಗುವುದು ಅದು ಮಸಿಯನ್ನು ಹಿಡಿಯುತ್ತಿರುವುದರ ಗುರುತೇ ಹೊರತು ಕೆಟ್ಟದ್ದೆಂಬುದರ ಗುರುತಲ್ಲ. ಅಂತೆಯೇ ಬೆರಳಿಗೆ ಗಟ್ಟಿಯಾಗಿ ಅಂಟುವ ಎಣ್ಣೆಯೇ ಉತ್ತಮವೆಂಬ ನಂಬಿಕೆಯೂ ಸರಿಯಲ್ಲ.

ಹೊಸ ವಾಹನಗಳಲ್ಲಿ ಆದ ವ್ಯತ್ಯಾಸ.— ೨೦೨೦ನೆಯ ಇಸವಿ ಏಪ್ರಿಲ್ ೧ರಿಂದ ದೇಶದಲ್ಲೆಲ್ಲ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ ೬ ಎಂಬ ಹೊಗೆಯ ನಿಯಮವು ಜಾರಿಗೆ ಬಂದಿತು. ಡೀಸೆಲಿನಲ್ಲಿರುವ ಗಂಧಕದ ಪ್ರಮಾಣವು ಹತ್ತು ಲಕ್ಷ ಪಾಲಿಗೆ ೫೦ರಿಂದ ೧೦ಕ್ಕೆ ಇಳಿಯಿತು. ೫೦ ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ೨೦೨೩ನೆಯ ಜನವರಿ ೧ರಿಂದ ಟ್ರೆಮ್ ೪ ಎಂಬ ನಿಯಮವು ಅನ್ವಯಿಸಿತು. ಈ ನಿಯಮಗಳ ಫಲವಾಗಿ ಹೊಸ ಡೀಸೆಲ್ ವಾಹನಗಳ ಹೊಗೆನಳಿಗೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವು, ಎಂದರೆ ಡಿ.ಪಿ.ಎಫ್. ಎಂಬುದು, ಸಾಮಾನ್ಯವಾಗಿ ಇರುತ್ತದೆ.

ಈ ಶೋಧಕವನ್ನು ಮನೆಯ ಒಲೆಗೆ ಹೋಲಿಸಬಹುದು. ಒಲೆಯಲ್ಲಿ ಕಟ್ಟಿಗೆಯೂ ಇದ್ದಿಲೂ ಉರಿದುಹೋಗುತ್ತವೆ. ಬೂದಿ ಮಾತ್ರ ಎಷ್ಟು ಉರಿ ಹಾಕಿದರೂ ಉರಿಯದೆ ಉಳಿಯುತ್ತದೆ. ಶೋಧಕದಲ್ಲಿ ಕೂಡಿದ ಮಸಿಯನ್ನು ವಾಹನವು ಕಾಲಕಾಲಕ್ಕೆ ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಎಣ್ಣೆಗೆ ಬೆರೆಸಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವು ಮೊದಲಾದ ಲೋಹಗಳ ಲವಣಗಳಿಂದ ಹುಟ್ಟುವ ಬೂದಿಯು ಸುಡದೆ ಅಲ್ಲಿಯೇ ನಿಂತು ರಂಧ್ರಗಳನ್ನು ತುಂಬುತ್ತದೆ. ಆದಕಾರಣ ಶೋಧಕವಿರುವ ವಾಹನಕ್ಕೆ ಕಡಿಮೆ ಬೂದಿಯ ಎಣ್ಣೆಯನ್ನೇ ಹಾಕತಕ್ಕದ್ದು. ಮೇಲಿನ ನಿದರ್ಶನದಲ್ಲಿ ನಡೆದ ತಪ್ಪು ಇದೇ.

ಡಬ್ಬಿಯ ಮೇಲಿನ ಅಕ್ಷರಗಳು.— ಡಬ್ಬಿಯ ಮೇಲೆ ಎರಡು ಗುರುತುಗಳನ್ನು ನೋಡತಕ್ಕದ್ದು. ಮೊದಲನೆಯದು ಎಣ್ಣೆಯ ಗಟ್ಟಿತನವನ್ನು ಹೇಳುವ ಎಸ್.ಎ.ಇ. ಅಂಕಿ. '೧೫ಡಬ್ಲ್ಯೂ-೪೦' ಎಂಬಲ್ಲಿ ಡಬ್ಲ್ಯೂ ಅಕ್ಷರದ ಹಿಂದಿನ ಅಂಕಿಯು ಚಳಿಯಲ್ಲಿ ಎಣ್ಣೆಯು ಹರಿಯುವ ಬಗೆಯನ್ನೂ, ಮುಂದಿನ ಅಂಕಿಯು ಎಂಜಿನ್ನು ಕಾದಾಗ ಇರುವ ಗಟ್ಟಿತನವನ್ನೂ ಸೂಚಿಸುತ್ತವೆ. ನಮ್ಮ ಸೀಮೆಯಲ್ಲಿ ಹಿಮ ಬೀಳುವಂಥ ಚಳಿಯಿಲ್ಲವಾದುದರಿಂದ ೧೫ಡಬ್ಲ್ಯೂ-೪೦ ಎಣ್ಣೆಯು ಅನೇಕ ಟ್ರ್ಯಾಕ್ಟರುಗಳಿಗೆ ಒಗ್ಗುತ್ತದೆ. ಆದರೆ ಹೊಸ ವಾಹನದ ಕೈಪಿಡಿಯು ೫ಡಬ್ಲ್ಯೂ-೩೦ ಎಂದು ಹೇಳಿದ್ದರೆ, ಬಿಸಿಲು ಹೆಚ್ಚೆಂಬ ಕಾರಣದಿಂದ ಗಟ್ಟಿ ಎಣ್ಣೆಯನ್ನು ಹಾಕಕೂಡದು.

ಎರಡನೆಯದು ಗುಣವನ್ನು ಹೇಳುವ ಎ.ಪಿ.ಐ. ಅಥವಾ ಎ.ಸಿ.ಇ.ಎ. ಗುರುತು. ಡೀಸೆಲ್ ಎಣ್ಣೆಗಳಲ್ಲಿ ಸಿ.ಎಚ್-೪ ಎಂಬುದು ೧೯೯೮ರಲ್ಲಿಯೂ, ಸಿ.ಐ-೪ ೨೦೦೨ರಲ್ಲಿಯೂ, ಸಿ.ಜೆ-೪ ೨೦೦೬ರಲ್ಲಿಯೂ, ಸಿ.ಕೆ-೪ ೨೦೧೬ರಲ್ಲಿಯೂ ಬಂದವು. ಕಡೆಯ ಎರಡರಲ್ಲಿ ಬೂದಿಯು ನೂರಕ್ಕೆ ೧ನ್ನು ಮೀರಕೂಡದೆಂಬ ಕಟ್ಟಳೆಯಿದೆ. ಲಘು ವಾಹನಗಳಿಗೆ ವಿಧಿಸುವ ಎ.ಸಿ.ಇ.ಎ. ಸಿ-೩ ಎಂಬ ವರ್ಗದಲ್ಲಿ ಬೂದಿಯು ನೂರಕ್ಕೆ ೦.೮ನ್ನು ಮೀರುವಂತಿಲ್ಲ. ಎಫ್.ಎ-೪ ಎಂಬುದೂ ೨೦೧೬ರಲ್ಲಿ ಬಂದ ತೆಳು ಎಣ್ಣೆ. ಕೈಪಿಡಿಯು ಹೆಸರಿಸದ ಹೊರತು ಅದನ್ನು ಬಳಸಕೂಡದು. ಒಟ್ಟಿನಲ್ಲಿ ಕೈಪಿಡಿಯ ಮಾತೇ ಪ್ರಮಾಣವು. ಅಂಗಡಿಯವನ ಮಾತಾಗಲಿ ನೆರೆಯವನ ಅನುಭವವಾಗಲಿ ಅದಕ್ಕೆ ಬದಲಾಗಲಾರದು.

ಪಾಲಿಸತಕ್ಕ ಕ್ರಮಗಳು.—

(೧) ವಾರಕ್ಕೊಮ್ಮೆ ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿದ ಮೇಲೆ ಅಳತೆಯ ಕಡ್ಡಿಯಿಂದ ಎಣ್ಣೆಯನ್ನು ನೋಡಬೇಕು. ಕಡಿಮೆಯಾದರೆ ಹೇಗೋ ಹಾಗೆಯೇ ಹೆಚ್ಚಾದರೂ ಅಪಾಯವುಂಟು. ಗಿಡ್ಡ ಓಡಾಟದಿಂದ ಮಸಿ ಸುಡುವ ಕೆಲಸವು ಅರ್ಧಕ್ಕೆ ನಿಂತಾಗ ಉರಿಯದ ಡೀಸೆಲು ಎಣ್ಣೆಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಮೇಲಿನ ಗೆರೆಯನ್ನು ಮೀರಿದ ಎಣ್ಣೆಯನ್ನು ತಡಮಾಡದೆ ಬದಲಾಯಿಸತಕ್ಕದ್ದು.

(೨) ಶೋಧಕದ ದೀಪವು ಹೊತ್ತಿದಾಗ ಕೈಪಿಡಿಯಲ್ಲಿ ಹೇಳಿದಂತೆ ವಾಹನವನ್ನು ಹೆದ್ದಾರಿಯಲ್ಲಿ ನಿಲ್ಲಿಸದೆ ಸ್ವಲ್ಪ ಹೊತ್ತು ಓಡಿಸಬೇಕು.

(೩) ಯಲಬುರ್ಗಾ, ಕುಷ್ಟಗಿ ಕಡೆಯ ಒಣಭೂಮಿಯ ಧೂಳೂ ಗಂಗಾವತಿಯ ಗದ್ದೆಗಳಲ್ಲಿ ಕೊಯ್ಲಿನ ಕಾಲದ ಹೊಟ್ಟೂ ಗಾಳಿಯ ಶೋಧಕವನ್ನು ಬೇಗ ತುಂಬುತ್ತವೆ. ಅದು ಶುದ್ಧವಾಗಿರದಿದ್ದರೆ ಎಂಥ ಉತ್ತಮ ಎಣ್ಣೆಯೂ ಎಂಜಿನ್ನನ್ನು ಕಾಯಲಾರದು. ಎಣ್ಣೆಯನ್ನು ಬದಲಾಯಿಸುವಾಗ ಎಣ್ಣೆಯ ಶೋಧಕವನ್ನೂ ಬದಲಾಯಿಸಬೇಕು.

(೪) ಟ್ರ್ಯಾಕ್ಟರಿನ ಗೇರು ಮತ್ತು ಹೈಡ್ರಾಲಿಕ್ ಭಾಗದ ಎಣ್ಣೆಯು ಬೇರೆ. ಅದನ್ನು ಎಂಜಿನ್ನಿಗೆ ಹಾಕಕೂಡದು.

(೫) ಕೆಲವು ವಾಹನಗಳಿಗೆ ಡಿ.ಇ.ಎಫ್. ಎಂಬ ದ್ರವವು ಬೇಕಾಗುತ್ತದೆ. ಅದು ಶುದ್ಧ ನೀರಿನಲ್ಲಿ ನೂರಕ್ಕೆ ೩೨.೫ ಪಾಲು ಶುದ್ಧ ಯೂರಿಯಾ ಕರಗಿಸಿದ್ದು. ಇದನ್ನು ಕೇಳಿ ಬೇವು ಲೇಪಿಸಿದ ಗೊಬ್ಬರದ ಯೂರಿಯಾವನ್ನು ಬಾವಿಯ ನೀರಿನಲ್ಲಿ ಕರಗಿಸಿ ಹಾಕುವ ಸಾಹಸವನ್ನು ಯಾರೂ ಮಾಡಕೂಡದು. ಬೆಲೆಬಾಳುವ ಭಾಗಗಳು ಕೆಡುವವು. ಬೆಳೆಗೆಂದು ಸಹಾಯಧನದಲ್ಲಿ ದೊರೆತ ಗೊಬ್ಬರವೂ ಹಾಳಾಗುವುದು.

(೬) ಎಣ್ಣೆಯನ್ನು ಮುದ್ರೆ ಒಡೆಯದ ಡಬ್ಬಿಯಲ್ಲಿ, ರಸೀತಿಯೊಡನೆ ಕೊಳ್ಳಬೇಕು. ಬರಿದಾದ ಡಬ್ಬಿಯನ್ನು ತೂತುಮಾಡಿಯೇ ಮಾರಬೇಕು. ಹಾಗೆ ಮಾಡಿದರೆ ಅದರಲ್ಲಿ ನಕಲಿ ಎಣ್ಣೆಯನ್ನು ತುಂಬಲು ಬರುವುದಿಲ್ಲ.

(೭) ಬಳಸಿದ ಎಣ್ಣೆಯನ್ನು ತುಂಗಭದ್ರಾ ಎಡದಂಡೆಯ ಕಾಲುವೆಗಾಗಲಿ ಹಳ್ಳಕ್ಕಾಗಲಿ ಚೆಲ್ಲಕೂಡದು. ಅದೇ ನೀರು ಮುಂದಿನ ಊರಿನ ಗದ್ದೆಗೂ ದನಗಳ ಬಾಯಿಗೂ ಹೋಗುವುದು. ಡಬ್ಬಿಯಲ್ಲಿ ಕೂಡಿಟ್ಟು ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡತಕ್ಕದ್ದು.

ವಿನಂತಿ.— ವಾಹನವನ್ನು ಕೊಳ್ಳುವವರು ಮಾಲಿಕರು. ಎಣ್ಣೆಯನ್ನು ಹಾಕುವವರು ಚಾಲಕರು. ಕೈಪಿಡಿಯು ಮಾಲಿಕರ ಪೆಟ್ಟಿಗೆಯಲ್ಲಿಯೇ ಉಳಿದರೆ ಅದರಿಂದ ಫಲವಿಲ್ಲ. ಆದುದರಿಂದ ಪ್ರತಿಯೊಂದು ವಾಹನಕ್ಕೆ ತಕ್ಕ ಎಣ್ಣೆಯ ಹೆಸರು, ಪ್ರಮಾಣ, ಬದಲಾಯಿಸಿದ ದಿನ, ಆಗ ಓಡಿದ್ದ ಕಿಲೋಮೀಟರು ಅಥವಾ ತಾಸುಗಳನ್ನು ಒಂದು ಚೀಟಿಯಲ್ಲಿ ಬರೆದು ವಾಹನದಲ್ಲಿ ಅಂಟಿಸತಕ್ಕದ್ದು. ಗ್ರಾಮದ ಮುಖಂಡರು ಸುಗ್ಗಿಗೆ ಮುಂಚೆ ಚಾಲಕರನ್ನು ಚಾವಡಿಗೆ ಕರೆಯಿಸಿ ಈ ಲೇಖನವನ್ನು ಓದಿಹೇಳಿದಲ್ಲಿ, ಕೊಯ್ಲಿನ ನಡುವೆ ಯಂತ್ರವು ನಿಂತು ಬೆಳೆಯು ಹೊಲದಲ್ಲಿ ಕೆಡುವ ಪ್ರಸಂಗವು ಬಹಳಷ್ಟು ತಪ್ಪುವುದೆಂದು ನಂಬಿರುತ್ತೇನೆ.