ಫೋನಿನಲ್ಲಿ ಅಂಗಡಿ ತೆರೆದೆವು, ಬೋಣಿ ಆಗಲಿಲ್ಲ



ಕಳೆದ ವರ್ಷ ದಸರೆಗೆ ಮುಂಚೆ ನಂಜನಗೂಡು ಕಡೆಯ ನಮ್ಮ ಒಂದು ಸಂಘದವರು ಫೋನಿನ ಮೂಲಕ ವ್ಯಾಪಾರ ಶುರು ಮಾಡಿದರು. ಸಂಘದಲ್ಲಿ ಹದಿನಾಲ್ಕು ಮಂದಿ ಸದಸ್ಯರು. ಹುರುಳಿಕಾಳು ಚಟ್ನಿಪುಡಿ, ಸಾರಿನ ಪುಡಿ, ರಾಗಿ ಹುರಿಹಿಟ್ಟು, ಹೀಗೆ ಮೂರು ಪದಾರ್ಥ. ಉಳಿತಾಯದ ಹಣದಿಂದ 30,000 ರೂಪಾಯಿ ಆಂತರಿಕ ಸಾಲ ತೆಗೆದು ಪುಡಿ ಮಾಡುವ ಸಣ್ಣ ಯಂತ್ರ, ಕವರ್ ಸೀಲ್ ಮಾಡುವ ಮೆಷಿನ್, ಬಣ್ಣದ ಲೇಬಲ್ ಎಲ್ಲಾ ತಂದರು. ಡಿಗ್ರಿ ಓದುತ್ತಿರುವ ಒಬ್ಬ ಸದಸ್ಯೆಯ ಮಗಳು ಇನ್‌ಸ್ಟಾಗ್ರಾಮ್‌ನಲ್ಲಿ ಪೇಜ್ ಮಾಡಿ, ವಾಟ್ಸಾಪ್ ಬಿಸಿನೆಸ್‌ನಲ್ಲಿ ಫೋಟೋ, ಬೆಲೆ ಹಾಕಿ, ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣದಲ್ಲೂ ಸಂಘದ ಹೆಸರು ಸೇರಿಸಿದಳು. ಉದ್ಘಾಟನೆಗೆ ಬ್ಯಾನರ್ ಕಟ್ಟಿದ್ದರು. ನಾವೂ ವೇದಿಕೆ ಮೇಲೆ ಕುಳಿತು, ದೀಪ ಹಚ್ಚಿ, 'ಇನ್ನು ನಿಮ್ಮ ಚಟ್ನಿಪುಡಿ ದೇಶವೆಲ್ಲಾ ಹೋಗುತ್ತದೆ' ಎಂದು ಭಾಷಣ ಮಾಡಿ ಬಂದೆವು.

ಒಂದು ತಿಂಗಳಾಯಿತು. ಲೈಕ್ ಒತ್ತಿದವರು 212 ಮಂದಿ. ಆರ್ಡರ್ ಬಂದದ್ದು ಮೂರು. ಅದರಲ್ಲಿ ಒಂದು, ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ನಮ್ಮ ಕಚೇರಿಯಿಂದ ನಾವೇ ಹಾಕಿದ್ದು. ಇನ್ನೊಂದು ಆ ಹುಡುಗಿಯ ಗೆಳತಿಯದ್ದು. ಮೂರನೆಯದು ಹುಬ್ಬಳ್ಳಿಗೆ ಹೋಗಿ, ವಿಳಾಸದಲ್ಲಿ ಯಾರೂ ಇಲ್ಲವೆಂದು ಕವರ್ ಹರಿದುಕೊಂಡು ವಾಪಸು ಬಂತು. ಕಟ್ಟಿಟ್ಟ 180 ಪ್ಯಾಕೆಟ್ ಹಾಗೇ ಉಳಿದಿತ್ತು.

ಆ ತಿಂಗಳ ಸಭೆಗೆ ನಾವು ಹೋದಾಗ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. 'ಓದಿದ ಹುಡುಗಿ ಮಾತು ಕೇಳಿ ಕೆಟ್ವಿ ಸಿಸ್ಟರ್' ಎಂದರು ಒಬ್ಬರು. ಆ ಹುಡುಗಿಯ ತಾಯಿ ಎದ್ದು, 'ನನ್ನ ಉಳಿತಾಯದಲ್ಲೇ ಮುರ್ಕೊಳ್ಳಿ, ನನ್ನ ಮಗಳನ್ನ ಅನ್ಬೇಡಿ' ಎಂದು ಅತ್ತರು. ಕೂಲಿಯಲ್ಲಿ ಉಳಿಸಿ ವಾರ ವಾರ ಕಟ್ಟಿದ ಹಣ ಅದು. ನಮಗೆ ನಾಚಿಕೆಯಾಯಿತು. ಏಕೆಂದರೆ ತಪ್ಪು ಆ ಹುಡುಗಿಯದಲ್ಲ. ಅಂಗಡಿ ತೆರೆಯುವುದನ್ನು ಕಲಿಸಿದ ನಾವು ಗಿರಾಕಿಯನ್ನು ಹುಡುಕುವುದನ್ನು ಕಲಿಸಿರಲಿಲ್ಲ.

ಊರಿನ ಪೆಟ್ಟಿಗೆ ಅಂಗಡಿಯಾದರೆ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುತ್ತದೆ. ಫೋನಿನ ಅಂಗಡಿ ಹಾಗಲ್ಲ. ಅದರ ಮುಂದೆ ದಾರಿಯೇ ಇಲ್ಲ. ಯಾರಾದರೂ ಕೈ ಹಿಡಿದು ಕರೆದುಕೊಂಡು ಬಂದರೆ ಮಾತ್ರ ಜನ ಬರುತ್ತಾರೆ. ಆ ಮೊದಲ ಗಿರಾಕಿಗಳನ್ನು ಹೆಸರು ಹಿಡಿದು, ಒಬ್ಬೊಬ್ಬರನ್ನಾಗಿ ಕರೆತರಬೇಕಾದವರು ನಾವೇ.

ಲಿಜ್ಜತ್ ಹಪ್ಪಳದ ಕಥೆ ನಿಮಗೆ ತರಬೇತಿಯಲ್ಲಿ ಹೇಳಿದ್ದೇವೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ತಂದು, ತಮ್ಮ ಕಟ್ಟಡದ ತಾರಸಿ ಮೇಲೆ ಹಪ್ಪಳ ಮಾಡಿದರು. ನಾವೆಲ್ಲ ಈಗಿನ ಕೋಟಿಗಟ್ಟಲೆ ವ್ಯವಹಾರವನ್ನೇ ಹೇಳುತ್ತೇವೆ, ಮೊದಲ ದಿನವನ್ನು ಹೇಳುವುದಿಲ್ಲ. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದನ್ನು ಭುಲೇಶ್ವರದಲ್ಲಿ ತಮಗೆ ಪರಿಚಯವಿದ್ದ ಒಬ್ಬ ವ್ಯಾಪಾರಿಗೆ ಕೊಟ್ಟರು. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಬೇಕಾಯಿತು. ಆ ವರ್ಷದ ಒಟ್ಟು ಮಾರಾಟ 6,196 ರೂಪಾಯಿ. ಪರಿಚಯದ ಒಬ್ಬ ವ್ಯಾಪಾರಿಯಿಂದ ಶುರುವಾದದ್ದು ಎಂಬ ಮಾತನ್ನು ಮಾತ್ರ ಇವತ್ತು ನೀವು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಹೆಸರು ಬರೆಯುವ ಕೆಲಸ

ಮುಂದಿನ ಸಭೆಯಲ್ಲಿ ಆ ಹುಡುಗಿಯ ಕೈಗೇ ಒಂದು ನೋಟ್‌ಬುಕ್ ಕೊಟ್ಟೆವು. ಪ್ರತಿ ಸದಸ್ಯೆಯೂ ತನಗೆ ಗೊತ್ತಿರುವ, ಕೈಯಲ್ಲಿ ದುಡ್ಡಿರುವ, ಈ ಪುಡಿ ತಿನ್ನುವ ಅಭ್ಯಾಸವಿರುವ ಎಂಟು ಜನರ ಹೆಸರು ಹೇಳಬೇಕು. 'ಎಲ್ಲರೂ ತಿಂತಾರೆ ಸಿಸ್ಟರ್' ಅನ್ನುವ ಉತ್ತರ ಬೇಡ, ಹೆಸರು ಬೇಕು. ಎರಡು ಸಲ ಬಂದ ಹೆಸರು ಹೊಡೆದು ಹಾಕಿದ ಮೇಲೆ 87 ಉಳಿಯಿತು.

ಯಾರ್ಯಾರಿದ್ದರು ಗೊತ್ತೇ? ಬೆಂಗಳೂರಿನ ಪೀಣ್ಯದಲ್ಲಿ, ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿರುವ ಊರಿನ ಮಕ್ಕಳು. ಮೈಸೂರಿಗೆ ಮದುವೆಯಾಗಿ ಹೋದ ತಂಗಿಯರು. ಶಾಲೆಯ ಮೇಷ್ಟ್ರು, ಟೀಚರುಗಳು. ಸಂಘದ ಖಾತೆಯಿರುವ ಬ್ಯಾಂಕಿನ ಸಿಬ್ಬಂದಿ. ಮನೆಕೆಲಸಕ್ಕೆ ಹೋಗುವ ಇಬ್ಬರು ಸದಸ್ಯರ ಮನೆಯೊಡತಿಯರು. ಒಬ್ಬರು ನಿವೃತ್ತ ಶಿಕ್ಷಕಿ. ಇವರಲ್ಲಿ ಒಬ್ಬರಿಗೂ ಸಂಘದಿಂದ ಯಾರೂ 'ಕೊಂಡುಕೊಳ್ಳಿ' ಎಂದು ಬಾಯಿಬಿಟ್ಟು ಕೇಳಿರಲಿಲ್ಲ. 'ನಮ್ಮ ಪೇಜ್ ಲೈಕ್ ಮಾಡಿ' ಎಂದು ಮಾತ್ರ ಕೇಳಿದ್ದರು. ಅವರೂ ಪಾಪ ಮಾಡಿದ್ದರು!

ಇಲ್ಲಿ ಕಷ್ಟವಾದದ್ದು ನಾಚಿಕೆ. ಬ್ಯಾಂಕ್ ಮ್ಯಾನೇಜರ ಎದುರು ಕುಳಿತು ಸಾಲ ಕೇಳುವ ನಮ್ಮ ಹೆಂಗಸರು, ಗ್ರಾಮಸಭೆಯಲ್ಲಿ ನೀರಿಗಾಗಿ ಜಗಳವಾಡಿದವರು, ನೆಂಟರ ಹತ್ತಿರ ಚಟ್ನಿಪುಡಿಗೆ ದುಡ್ಡು ಕೇಳುವುದೆಂದರೆ ತಲೆ ತಗ್ಗಿಸಿದರು. 'ತಿನ್ನೋ ಪದಾರ್ಥ ಬಂಧುಗಳಿಗೆ ಮಾರೋದಾ? ಆಡ್ಕೊಳ್ತಾರೆ' ಎಂದರು. ಇದು ಸುಳ್ಳು ಭಯವಲ್ಲ. ಮನೆಗೆ ಬಂದವರಿಗೆ ಕೊಟ್ಟು ಕಳಿಸುವುದು ನಮ್ಮ ಹಳ್ಳಿಗಳ ಮರ್ಯಾದೆ. ನಮಗೆ ಉತ್ತರ ಹೊಳೆಯದೆ ಸುಮ್ಮನೆ ಕುಳಿತಿದ್ದಾಗ, ಸಂಘದ ಹಿರಿಯ ಸದಸ್ಯೆಯೊಬ್ಬರು ಹೇಳಿದರು: 'ದಿನಾ ಡೈರಿಗೆ ಹಾಲು ಹಾಕ್ತೀವಿ. ಡೈರಿ ಸೆಕ್ರೆಟರಿ ನಮ್ಮ ಮೈದುನ. ನೆಂಟ ಅಂತ ಪುಕ್ಕಟೆ ಹಾಕಿದ್ದೀನಾ? ಮನೆಗೆ ಬಂದ್ರೆ ಕಾಫಿ ಕೊಡೋದು ಬೇರೆ, ಇದು ಬೇರೆ.' ಆಮೇಲೆ ಮಾತು ಬೆಳೆಯಲಿಲ್ಲ. ಅವರೇ ಮೊದಲು ಫೋನ್ ಎತ್ತಿಕೊಂಡರು.

ಕೇಳುವ ರೀತಿಯನ್ನೂ ಅಲ್ಲೇ ಅಭ್ಯಾಸ ಮಾಡಿಸಿದೆವು. 'ನಮ್ಮ ಸಂಘಕ್ಕೆ ಸಹಾಯ ಮಾಡಿ' ಅನ್ನಬಾರದು. 'ಅಕ್ಕಾ, ಈ ಶನಿವಾರ ಹುರುಳಿಕಾಳು ಹುರಿದು ಚಟ್ನಿಪುಡಿ ಮಾಡ್ತಾ ಇದ್ದೀವಿ. ಕಾಲು ಕೆಜಿ 110 ರೂಪಾಯಿ. ನಿಮ್ಗೆ ಒಂದು ಎತ್ತಿಡ್ಲಾ?' ಅಷ್ಟೇ. ಯಾವ ದಿನ, ಎಷ್ಟು ತೂಕ, ಎಷ್ಟು ದುಡ್ಡು, ಮೂರೂ ಆ ಒಂದು ಮಾತಿನಲ್ಲಿ ಬರಬೇಕು. ಬೇಡ ಅಂದವರಿಗೆ 'ಆಗ್ಲಿ ಅಕ್ಕಾ' ಅಂದು ಮಕ್ಕಳ ಕ್ಷೇಮ ಕೇಳಿ ಫೋನ್ ಇಡಬೇಕು. 87 ಮಂದಿಯಲ್ಲಿ 31 ಮಂದಿ ತೆಗೆದುಕೊಂಡರು.

ಕನಿಕರದ ಗಿರಾಕಿ

ಇದನ್ನು ಹೇಳಲು ನಮಗೆ ಸ್ವಲ್ಪ ಸಂಕೋಚ. ಉದ್ಘಾಟನೆಯ ದಿನ ನಮ್ಮ ಕಾನ್ವೆಂಟಿನ ಅಡುಗೆಮನೆಗೆಂದು ಹತ್ತು ಪ್ಯಾಕೆಟ್ ಕೊಂಡಿದ್ದೆವು. ಮುಗಿದ ಮೇಲೆ ಮತ್ತೆ ತರಿಸಲಿಲ್ಲ. ಹೇಗಿತ್ತು ಎಂದೂ ಹೇಳಲಿಲ್ಲ. ಅವರು ಮಾತ್ರ 'ಸಿಸ್ಟರ್‌ಗಳೇ ಹತ್ತು ತಗೊಂಡ್ರು' ಎಂದು ಲೆಕ್ಕ ಹಾಕಿ 200 ಪ್ಯಾಕೆಟ್ ಕಟ್ಟಿಬಿಟ್ಟಿದ್ದರು. ಕನಿಕರದಿಂದ ಕೊಳ್ಳುವವರು ಒಂದು ಸಲ ಮಾತ್ರ ಕೊಳ್ಳುತ್ತಾರೆ, ನಿಜವನ್ನೂ ಹೇಳುವುದಿಲ್ಲ. ಆದ್ದರಿಂದ ಮೊದಲ ಮಾರಾಟಕ್ಕೆ ಹಿಗ್ಗಬೇಡಿ, ಎರಡನೇ ಸಲ ಕೇಳಿ ಬರುವವರನ್ನು ಎಣಿಸಿ.

ನಿಜ ಹೇಳಿದವರು ಆ ನಿವೃತ್ತ ಶಿಕ್ಷಕಿ. ದುಡ್ಡು ಕೊಟ್ಟು ಕೊಂಡವರು, ದಾಕ್ಷಿಣ್ಯವಿಲ್ಲದೆ ಹೇಳಿದರು: 'ರುಚಿ ಚೆನ್ನಾಗಿದೆ, ಆದ್ರೆ ಕಮಟು ವಾಸನೆ ಬಂದಿದೆಯಲ್ಲಮ್ಮ.' ಅವರಿಗೆ ಹೋಗಿದ್ದದ್ದು ಹಳೆಯ ದಾಸ್ತಾನಿನ ಪ್ಯಾಕೆಟ್. ಕೊಬ್ಬರಿ ಹಾಕಿದ ಪುಡಿ ಬೇಗ ಕಮಟಾಗುತ್ತದೆ. ಇದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ವಿಷಯವೇ. ಆದರೆ ಲೇಬಲ್ ಮಾಡಿಸುವಾಗ ಬೇರೆ ಯಾವುದೋ ಕಂಪನಿಯ ಪ್ಯಾಕೆಟ್ ನೋಡಿ 'ಮೂರು ತಿಂಗಳೊಳಗೆ ಬಳಸಿ' ಎಂದು ಅಚ್ಚು ಹಾಕಿಸಿದ್ದರು. ನಾವೂ ನೋಡಿ ಸುಮ್ಮನಿದ್ದೆವು. ಉಳಿದ ಹಳೆ ಚಟ್ನಿಪುಡಿಯನ್ನೆಲ್ಲ ಎಸೆಯಬೇಕಾಯಿತು. ಆ ಶಿಕ್ಷಕಿಗೆ ಹೊಸದಾಗಿ ಮಾಡಿದ್ದನ್ನು ಬದಲಿಗೆ ಕೊಟ್ಟರು. ಅಂದಿನಿಂದ ಕೊಬ್ಬರಿ ಬಿಟ್ಟು ಒಂದು ಬಗೆ, ಕೊಬ್ಬರಿ ಹಾಕಿ ಒಂದು ಬಗೆ. ಕೊಬ್ಬರಿಯದ್ದನ್ನು ಕೇಳಿದಷ್ಟೇ ಮಾಡುವುದು. ಗುರುವಾರದವರೆಗೆ ಆರ್ಡರ್, ಶನಿವಾರ ಹುರಿದು ಪುಡಿ, ಸೋಮವಾರ ತಲುಪಿಸುವುದು. ಆ ಶಿಕ್ಷಕಿ ಈಗ ತಮ್ಮ ಬೀದಿಯ ನಾಲ್ಕು ಮನೆಗೆ ಸೇರಿಸಿ ತರಿಸುತ್ತಾರೆ.

ಸಾಗಾಟದ ಲೆಕ್ಕ

ಆನ್‌ಲೈನ್‌ನಲ್ಲಿ 200 ಗ್ರಾಂ ಪ್ಯಾಕೆಟ್‌ಗೆ 90 ರೂಪಾಯಿ ಹಾಕಿದ್ದರು. ಕೊರಿಯರ್ 80 ರೂಪಾಯಿ. ಗಿರಾಕಿಗೆ ಕಾಣುವುದು 170. ಅದೇ ತೂಕದ ಚಟ್ನಿಪುಡಿ ಅವರ ಬೀದಿ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವಾಗ ಯಾರು ತರಿಸುತ್ತಾರೆ ಹೇಳಿ? ಈ ಲೆಕ್ಕವನ್ನು ನಾವು ಮೊದಲೇ ಹಾಕಬೇಕಿತ್ತು. ಈಗ ಪೀಣ್ಯದ ಹುಡುಗನೊಬ್ಬನಿಗೆ ಹತ್ತು ಹನ್ನೆರಡು ಪ್ಯಾಕೆಟ್ ಒಟ್ಟಿಗೆ ಹೋಗುತ್ತದೆ. ಅವನು ರೂಮಿನವರಿಗೆ, ಜೊತೆ ಕೆಲಸದವರಿಗೆ ಹಂಚಿ ದುಡ್ಡು ಕಳಿಸುತ್ತಾನೆ, ಅವನ ಪಾಲಿಗೆ ಒಂದು ಪ್ಯಾಕೆಟ್ ಉಚಿತ. ಊರಿಂದ ಹೋಗುವವರ ಕೈಯಲ್ಲಿ ಕಳಿಸಿದರೆ ಖರ್ಚೇ ಇಲ್ಲ. ಇಲ್ಲದಿದ್ದರೆ 2021ರಲ್ಲಿ ಶುರುವಾದ ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಸೇವೆಯಲ್ಲಿ ಪಾರ್ಸೆಲ್ ಹಾಕಬಹುದು, ದರವನ್ನು ಬಸ್ ನಿಲ್ದಾಣದಲ್ಲೇ ವಿಚಾರಿಸಿ.

ದೊಡ್ಡ ತಾಣಗಳಲ್ಲಿ ಮಾರುವ ಬಗ್ಗೆಯೂ ಒಂದು ಮಾತು. ವಹಿವಾಟು ಜಿಎಸ್‌ಟಿ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಇಂತಹ ತಾಣಗಳ ಮೂಲಕ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ. ಆದರೆ ತಮ್ಮ ರಾಜ್ಯದೊಳಗೆ ಮಾತ್ರ, ಅದಕ್ಕೂ ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆಯಬೇಕು. ಈ ಸಂಘ ಮಾಡಿದ್ದು ಹಾಗೇ. ವೇದಿಕೆ ಮೇಲೆ ನಾವು ಹೇಳಿದ 'ದೇಶವೆಲ್ಲಾ' ಅಲ್ಲೇ ಸುಳ್ಳಾಗಿತ್ತು! ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಹೇಗೂ ಬೇಕು. ಅದರ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನ, ತೂಕ, ಹಾಕಿದ ಸಾಮಗ್ರಿ, ವಿಳಾಸ ಲೇಬಲ್ ಮೇಲಿರಲಿ. ಪರಿಚಯದವರಿಗೇ ಮಾರುವಾಗಲೂ ಇದನ್ನು ಬಿಡಬೇಡಿ.

ಫೋನಿನ ಪ್ರಯೋಜನ ಆಮೇಲೆ

ಹಾಗಾದರೆ ಫೋನ್ ಬೇಡವೇ? ಬೇಕು. ಬಂದ ಗಿರಾಕಿಯನ್ನು ಉಳಿಸಿಕೊಳ್ಳಲು ಅದರಷ್ಟು ಒಳ್ಳೆಯ ಸಾಧನ ಇಲ್ಲ. ಆದರೆ ಒಂದು ವಿಷಯ ನಮಗೂ ತಡವಾಗಿ ತಿಳಿಯಿತು. ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಒಂದೇ ಸಲ ಎಲ್ಲರಿಗೂ ಕಳಿಸಿದ ಸಂದೇಶ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇವರು ತಿಂಗಳೆಲ್ಲ ಕಳಿಸಿದ ಸಂದೇಶಗಳು ಹೆಚ್ಚಿನವರಿಗೆ ಹೋಗಿಯೇ ಇರಲಿಲ್ಲ. ಈಗ ಪ್ಯಾಕೆಟ್ ಕೈಗೆ ಕೊಡುವಾಗಲೇ 'ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಶನಿವಾರದ ವಿಷಯ ತಿಳಿಸ್ತೀವಿ' ಎಂದು ನಿಂತು ಮಾಡಿಸುತ್ತಾರೆ. ವಾರಕ್ಕೆ ಒಂದೇ ಸಂದೇಶ. ದಿನವೂ ಹೂವಿನ ಚಿತ್ರದ ಜೊತೆ ಶುಭೋದಯ ಕಳಿಸಿದರೆ ಜನ ನಂಬರನ್ನೇ ತೆಗೆದುಹಾಕುತ್ತಾರೆ. ನಮ್ಮಲ್ಲಿ ಕೆಲವರಿಗೆ ಈ ಚಟ ಇದೆ, ಹೆಸರು ಹೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ಗಿರಾಕಿಗಾಗಿ ಕಾದು ಕುಳಿತವರನ್ನು ಮೋಸಗಾರರು ಬೇಗ ಗುರುತಿಸುತ್ತಾರೆ. ಆ ಪೇಜ್ ನೋಡಿ ಒಬ್ಬ ಫೋನ್ ಮಾಡಿ, ತಾನು ಸೈನ್ಯದ ಕ್ಯಾಂಟೀನಿನವನೆಂದೂ 100 ಪ್ಯಾಕೆಟ್ ಬೇಕೆಂದೂ ಹೇಳಿ, ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಪ್ರತಿನಿಧಿಯವರು ಖುಷಿಯಲ್ಲಿ ಒತ್ತಲು ಹೊರಟಿದ್ದರು. ಆ ಹುಡುಗಿ ಪಕ್ಕದಲ್ಲಿದ್ದು ಫೋನ್ ಕಿತ್ತುಕೊಂಡಳು. ನಮಗೆ ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ನಮ್ಮ ಹಣ ಹೋಗುತ್ತದೆ. ಅಂದಿನಿಂದ ಸಂಘದಲ್ಲಿ ಆ ಹುಡುಗಿಯ ಬಗ್ಗೆ ಮಾತು ಬದಲಾಯಿತು ಅನ್ನಿ.

ಈಗಿನ ಸ್ಥಿತಿ ಹೇಳಿದರೆ ನಿಮಗೆ ಸಣ್ಣದೆನಿಸಬಹುದು. ಮೊದಲ ಸಲ ಕೊಂಡ 31 ಮಂದಿಯಲ್ಲಿ 19 ಮಂದಿ ಎರಡನೇ ಸಲ ಕೇಳಿದರು. ಅವರು ಕರೆತಂದವರೂ ಸೇರಿ ಇಂದು ಪ್ರತಿ ತಿಂಗಳು ತಪ್ಪದೆ ಕೊಳ್ಳುವವರು 44 ಮಂದಿ. ಸಾಲದಲ್ಲಿ 12,000 ರೂಪಾಯಿ ತೀರಿದೆ, 18,000 ಬಾಕಿಯಿದೆ. ಹುರಿಹಿಟ್ಟನ್ನು ಯಾರೂ ಎರಡನೇ ಸಲ ಕೇಳಲಿಲ್ಲವಾದ್ದರಿಂದ ಕೈಬಿಟ್ಟರು. ಆನ್‌ಲೈನ್ ತಾಣದ ಅಂಗಡಿಯನ್ನು ಸದ್ಯಕ್ಕೆ ಮುಚ್ಚಿದ್ದಾರೆ. ಇಬ್ಬರು ಸದಸ್ಯರು ಇನ್ನೂ ಮುನಿಸಿಕೊಂಡೇ ಇದ್ದಾರೆ, ಪುಡಿ ಮಾಡುವ ದಿನ ಬರುವುದಿಲ್ಲ. ಅವರ ಮನೆಗೆ ನಾವು ಮತ್ತೊಮ್ಮೆ ಹೋಗಬೇಕಿದೆ.

ಸಭೆಯಲ್ಲಿ ಚರ್ಚಿಸಲು

ನಿಮ್ಮ ಸಂಘದ ಪದಾರ್ಥವನ್ನು ಎರಡನೇ ಸಲ ಕೇಳಿ ಕೊಂಡವರು ಯಾರು? ಹೆಸರು ಹೇಳಿ. ಕೊಂಡು ಮತ್ತೆ ಬಾರದವರು ಯಾರು, ಅವರನ್ನು ಕಾರಣ ಕೇಳಿದ್ದೀರಾ? ಒಂದು ಪ್ಯಾಕೆಟ್ ಗಿರಾಕಿಯ ಮನೆ ಬಾಗಿಲಿಗೆ ತಲುಪುವಾಗ ಅವರಿಗೆ ಒಟ್ಟು ಎಷ್ಟು ಬೀಳುತ್ತದೆ? ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಅತ್ತಿಗೆಯಾಗಿ ಇನ್ನೊಬ್ಬರು ಸದಸ್ಯೆಯಾಗಿ, ದುಡ್ಡು ಕೇಳುವ ಮಾತನ್ನು ಆಡಿ ನೋಡಿ. ನಗು ಬಂದರೆ ನಕ್ಕುಬಿಡಿ. ಆಮೇಲೆ ಒಬ್ಬೊಬ್ಬರೂ ಎಂಟು ಹೆಸರು ಬರೆಸಿ. ಮುಂದಿನ ತಿಂಗಳು ನಮ್ಮ ಕಾರ್ಯಕರ್ತೆ ಬಂದಾಗ ಉಳಿತಾಯದ ಪುಸ್ತಕಕ್ಕಿಂತ ಮೊದಲು ಆ ಪಟ್ಟಿಯನ್ನು ಕೇಳುತ್ತಾರೆ.